ಮಗ್ಗಿ ಮರೆತ ಊರ್ಮಿಳಾ ಮೇಡಮ್

ಊರ್ಮಿಳಾ ಅವರಿಗೆ ಏಳೆಂಟ್ಲ ಎಷ್ಟು ಎನ್ನುವುದು ಮರೆತುಹೋಗಿದೆ ಎಂಬ ಸಂಗತಿ ಗಂಡನನ್ನೂ ಆಸ್ಪತ್ರೆಯವರನ್ನೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ವ್ಯಾಂಕೂವರಿನಲ್ಲಿರುವ ಮಗ ನೀಲ್‌ಗೂ ಪೂರ್ತಿ ಹೇಳಿರಲಿಲ್ಲ. ಹೇಗೆ ಹೇಳುವುದು? ಟೊರಾಂಟೊ ಏರ್‌ಪೋರ್ಟಿನ ಪಕ್ಕದ ಮಾಲ್ಟನ್ನಿನ ಹೈಸ್ಕೂಲೊಂದರಲ್ಲಿ ಜೀವಮಾನವೆಲ್ಲ ಗಣಿತ ಕಲಿಸಿದ ಹೆಂಗಸು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಏರ್‌ಪೋರ್ಟಿನ ಸೆಕ್ಯೂರಿಟಿ ಸಾಲಿನಲ್ಲಿ ಕೂಡ "ಮಿಸೆಸ್ ವಿಶ್!" ಎಂದು ಕೂಗಿಕೊಂಡು ಬಂದು ತಬ್ಬಿಕೊಳ್ಳುವ ಹಳೆಯ ವಿದ್ಯಾರ್ಥಿಗಳು ಆಕೆಗೆ ಊರ ತುಂಬ ಇದ್ದರು.

ಅರಸೀಕೆರೆ ಸ್ಟೇಷನ್ನಿನ ಗುಮಾಸ್ತ ರಾಮಮೂರ್ತಿಗಳ ಹಿರಿಮಗಳು ಅವರು. ಪಠ್ಯದಲ್ಲಿ ಎದುರುಬದುರು ಹೊರಟ ಎರಡು ರೈಲುಗಳ ಲೆಕ್ಕ ಬಂದಾಗ ಅಪ್ಪ ಮಗಳನ್ನು ಪ್ಲಾಟ್‌ಫಾರ್ಮಿಗೆ ಕರೆದುಕೊಂಡು ಹೋಗಿ, "ಒಂದೇ ಹಳಿ ಮೇಲೆ ಇವು ಎದುರುಬದುರು ಬಂದರೆ ಲೆಕ್ಕ ಮಾಡೋಕೆ ಯಾರೂ ಉಳಿಯಲ್ಲ ಕಣಮ್ಮ" ಎಂದು ನಗುತ್ತಿದ್ದರಂತೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಅರಿವಳಿಕೆ ಡಾಕ್ಟರಾಗಿದ್ದ ವಿಶ್ವೇಶ್ವರ ಅವರ ಕೈಹಿಡಿದು, ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ಟೊರಾಂಟೊಗೆ ಬಂದಿಳಿದರು. ಇಲ್ಲಿ ಮತ್ತೆ ಓದಿ ಟೀಚರಾದರು. ಶಾಲೆಯ ನೆತ್ತಿಯ ಮೇಲೇ ವಿಮಾನಗಳು ಇಳಿಯುತ್ತಿದ್ದವು. ಕಿಟಕಿಯ ಗಾಜು ನಡುಗುವಾಗ ಮೇಡಮ್ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸೀಮೆಸುಣ್ಣ ಎತ್ತಿ ಹಿಡಿದು ಕಾಯುತ್ತಿದ್ದರು. ಸದ್ದು ಅಡಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಪಂಜಾಬಿ ಹುಡುಗರು, ಜಮೈಕಾದ ಹುಡುಗಿಯರು, ಎಲ್ಲರಿಗೂ ಅದೊಂದು ಆಟ. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ವುಡ್‌ಬ್ರಿಡ್ಜಿನ ಮನೆಯಲ್ಲಿ ಟೊಮೆಟೊ, ಮೆಂತ್ಯ ಬೆಳೆದುಕೊಂಡು ಆರಾಮಾಗಿದ್ದರು.

ಎರಡು ಸಾವಿರದ ಹದಿಮೂರರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಕುಕ್ಕರ್ ಕೂಗುತ್ತಲೇ ಇತ್ತು. ಬೇಸ್‌ಮೆಂಟಿನಲ್ಲಿದ್ದ ವಿಶ್ವೇಶ್ವರ ಮೇಲೆ ಬಂದು, "ಎಷ್ಟಾಯ್ತೇ ವಿಷಲ್ಲು? ಬೇಳೆ ಪಾಯಸ ಆಗ್ಹೋಗತ್ತೆ" ಎಂದರು. ಒಲೆಯ ಮುಂದೆ ನಿಂತಿದ್ದ ಊರ್ಮಿಳಾ ತಿರುಗಿ ನೋಡಿದರು. ವಿಷಲ್ಲನ್ನು ಎಣಿಸುತ್ತಿದ್ದೆ ಎಂಬುದು ಗೊತ್ತಿತ್ತು. ಎಣಿಕೆಯ ಮಾತುಗಳು ಮಾತ್ರ ಬಾಯಿಗೆ ಬರಲಿಲ್ಲ. ಬಲಗೈಯಲ್ಲಿದ್ದ ಸೌಟು ಯಾವಾಗ ಕೆಳಗೆ ಬಿದ್ದಿತೋ ಅದೂ ತಿಳಿದಿರಲಿಲ್ಲ. ವಿಶ್ವೇಶ್ವರ ಹೆಂಡತಿಯ ಮುಖವನ್ನು ಒಂದು ಸಲ ನೋಡಿ, ಕುರ್ಚಿ ಎಳೆದು ಕೂರಿಸಿ, ಆಂಬುಲೆನ್ಸಿಗೆ ಫೋನ್ ಮಾಡಿದರು. ಅಷ್ಟು ವರ್ಷ ಡಾಕ್ಟರಾಗಿದ್ದ ಮನುಷ್ಯನ ದನಿ ಆವತ್ತು ಮನೆಯ ವಿಳಾಸ ಹೇಳುವಾಗ ಒಡೆಯಿತು.

ಸ್ಟ್ರೋಕು ದೊಡ್ಡದಲ್ಲ ಎಂದರು ಆಸ್ಪತ್ರೆಯಲ್ಲಿ. ಕೈ ಬೇಗ ಸರಿಹೋಯಿತು. ಮಾತು ಮೊದಲು ತೊದಲಿ, ಆಮೇಲೆ ನಿಧಾನವಾಗಿ ಮೊದಲಿನಂತೆಯೇ ಮರಳಿತು. ಮನೆಗೆ ನೋಡಲು ಬಂದವರೆಲ್ಲ "ಏನೂ ಆಗೇ ಇಲ್ಲವಲ್ಲ ಮೇಡಮ್" ಎಂದು ಕಾಫಿ ಕುಡಿದು ಹೋದರು. ಆದರೆ ಅಂಕಿಗಳು ಮರಳಲಿಲ್ಲ. ನಾಲ್ಕು ಎನ್ನಬೇಕಾದಲ್ಲಿ ಒಂಬತ್ತು ಬರುತ್ತಿತ್ತು. ಆರನ್ನು ನೋಡಿದರೆ ಅದು ಆರೆಂದು ಒಳಗೆ ತಿಳಿಯುತ್ತಿತ್ತು, ಬಾಯಿ ಮೂರು ಎನ್ನುತ್ತಿತ್ತು. ಕೂಡಿಸು, ಗುಣಿಸು ಎಂದರಂತೂ ಖಾಲಿ ಗೋಡೆ.

ತಾನ್ಯಾ ಎಂಬ ಥೆರಪಿಸ್ಟ್ ವಾರಕ್ಕೊಮ್ಮೆ ನೋಡುತ್ತಿದ್ದಳು. ಒಳ್ಳೆಯ ಹುಡುಗಿ. ಮಕ್ಕಳ ಬಣ್ಣದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಏಳೆಂಟ್ಲ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಊರ್ಮಿಳಾ ಕಾರ್ಡನ್ನೇ ನೋಡುತ್ತ ಕುಳಿತರು. ಎಷ್ಟು ಸಾವಿರ ಮಕ್ಕಳಿಗೆ ಇದೇ ಪ್ರಶ್ನೆ ಕೇಳಿರಲಿಲ್ಲ ತಾನು! ಕಾರಿನಲ್ಲಿ ಬರುತ್ತ ಕಿಟಕಿಯ ಕಡೆ ತಿರುಗಿ ಅತ್ತರು. ಗಂಡ ರೇಡಿಯೊ ಹಾಕಿದರು, ಅಳುವುದು ಕೇಳಿಸಲಿಲ್ಲ ಎನ್ನುವ ಹಾಗೆ.

ಆಮೇಲೆ ಊರ್ಮಿಳಾ ಮನೆಬಿಟ್ಟು ಹೊರಡುವುದನ್ನೇ ಕಡಿಮೆ ಮಾಡಿದರು. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಯಾರಾದರೂ ಮೊಮ್ಮಗುವಿಗೆ ಎಷ್ಟು ವರ್ಷ ಎಂದು ಕೇಳಿದರೆ? ಮನೆಯಲ್ಲಿ ವಿಶ್ವೇಶ್ವರ ಮೊದಲಿಗಿಂತ ಮೃದುವಾಗಿದ್ದರು. ಆ ಮೃದುತನವೇ ಊರ್ಮಿಳಾ ಅವರನ್ನು ಹೆದರಿಸುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾದರೂ "ಚೆನ್ನಾಗಿದೆ" ಎಂದು ಉಣ್ಣುವ ಜಾತಿಯ ಗಂಡ ಅವರಲ್ಲ. ಇವರಿಗೇನೋ ಗೊತ್ತಿದೆ, ನನ್ನ ತಲೆ ಒಂದೊಂದೇ ಕೋಣೆ ಬಾಗಿಲು ಹಾಕಿಕೊಳ್ಳುತ್ತಿದೆ, ಇವರು ನನಗೆ ಹೇಳುತ್ತಿಲ್ಲ ಎಂದುಕೊಂಡರು. ಕೇಳುವ ಧೈರ್ಯ ಬರಲಿಲ್ಲ.

ಮೇ ತಿಂಗಳಲ್ಲಿ ಒಂದು ಫೋನ್ ಬಂತು. ಮಿಲ್ಟನ್ ಎಂಬ ಹತ್ತಿರದ ಊರಿನ ದೀಪ್ತಿ. ಹಿಂದಿನ ವರ್ಷ ಸಂಘದ ಪಿಕ್ನಿಕ್ಕಿನಲ್ಲಿ ಒಮ್ಮೆ ಭೇಟಿಯಾಗಿದ್ದಳು ಅಷ್ಟೆ. ಗದಗಿನಲ್ಲಿ ಕಾಕಾನ ಔಷಧಿ ಅಂಗಡಿಯಲ್ಲಿ ಗುಳಿಗೆ ಎಣಿಸುತ್ತ ಬೆಳೆದವಳೆಂದು ಆಗಲೇ ಹೇಳಿಕೊಂಡಿದ್ದಳು. ಗಂಡ ಧೀರಜ್ ವುಡ್‌ಬ್ರಿಡ್ಜಿನ ವೇರ್‌ಹೌಸೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ವಿಶ್ವೇಶ್ವರ ಫೋನನ್ನು ಸ್ಪೀಕರಿಗೆ ಹಾಕಿದರು.

"ಸರ್, ಮೇಡಮ್ ಅದಾರೇನ್ರೀ? ನಾ ಫಾರ್ಮಸಿ ಟೆಕ್ನಿಶಿಯನ್ ಕೋರ್ಸಿಗೆ ಅಪ್ಲೈ ಮಾಡೀನ್ರೀ. ಆಗಸ್ಟ್‌ನಾಗ ಮ್ಯಾಥ್ ಟೆಸ್ಟ್ ಅದ. ಲೆಕ್ಕ ನಂಗ ಬರ್ತಾವ್ರೀ, ಬಾಯಿಲೇ ಮಾಡ್ತೀನಿ. ಆದ್ರ ಆ ಎಕ್ಸ್ ಅಂತ ಬರೀತಾರಲ್ಲ, ಅದನ್ನ ಕಂಡ್ರ ನಂಗ ಎದಿ ಧಸಕ್ ಅಂತದ್ರೀ."

"ಅಲ್ಲಮ್ಮ, ಮೇಡಮ್‌ಗೆ ಈಗ ಸ್ವಲ್ಪ..." ಎಂದು ವಿಶ್ವೇಶ್ವರ ಶುರುಮಾಡಿದರು.

ಸೋಫಾದ ಮೇಲಿದ್ದ ಊರ್ಮಿಳಾಗೆ ನಗು ಬಂದುಬಿಟ್ಟಿತ್ತು. ಎದೆ ಧಸಕ್ ಎನ್ನುವುದು! ತಿಂಗಳುಗಳ ಮೇಲೆ ಬಂದ ನಗು. ಆ ನಗುವಿನಲ್ಲೇ, ಯೋಚನೆ ಮಾಡುವ ಮೊದಲೇ, "ಬರಕ್ಕೆ ಹೇಳಿ" ಎಂದರು.

ಭಾನುವಾರ ಬಾ ಎಂದದ್ದೇನೋ ಆಯಿತು. ಆ ದಿನ ಹತ್ತಿರ ಬಂದಂತೆ ಊರ್ಮಿಳಾಗೆ ಊಟ ಸೇರದಾಯಿತು. ಫೋನ್ ಮಾಡಿ ಬೇಡ ಎನ್ನಲೇ ಎಂದು ಗಂಡ ಕೇಳಿದಾಗ ಮೇಜಿನ ಮೇಲಿದ್ದ ಪೆನ್ಸಿಲನ್ನು ಚೂಪು ಮಾಡತೊಡಗಿದರು.

ದೀಪ್ತಿ ಬಂದಳು. ಧೀರಜ್ ಶಿಫ್ಟಿಗೆ ಹೋಗುವ ದಾರಿಯಲ್ಲಿ ಅವಳನ್ನು ಬಾಗಿಲಲ್ಲಿ ಇಳಿಸಿ ಹೋದ. ಅಡುಗೆಮನೆಯ ಮೇಜಿಗೆ ಪುಸ್ತಕ ಹರಡಿಕೊಂಡು ಇಬ್ಬರೂ ಕೂತರು. ವಿಶ್ವೇಶ್ವರ ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತರು. ಬಹಳ ಹೊತ್ತು ಪುಟ ತಿರುಗಿಸಿದ ಸದ್ದೇ ಬರಲಿಲ್ಲ.

ದೀಪ್ತಿ ಬೆರಳಿಟ್ಟ ಲೆಕ್ಕ ಇದು: ಡಬ್ಬಿಯೊಂದರಲ್ಲಿ ಕೆಂಪು ಗೋಲಿಗಳೂ ನೀಲಿ ಗೋಲಿಗಳೂ ಇವೆ. ಕೆಂಪಿಗಿಂತ ನೀಲಿ ನಾಲ್ಕು ಹೆಚ್ಚು. ಕಣ್ಣು ಮುಚ್ಚಿ ಒಂದನ್ನು ತೆಗೆದರೆ ಅದು ಕೆಂಪಾಗಿರುವ ಸಂಭವ ಐದರಲ್ಲಿ ಎರಡು. ಹಾಗಾದರೆ ಡಬ್ಬಿಯಲ್ಲಿರುವ ಗೋಲಿಗಳೆಷ್ಟು?

"ನಾ ಹಿಂಗ ಮಾಡೀನ್ರೀ ಮೇಡಮ್. ಐದರಾಗ ಎರಡು ಅಂದ್ರ ಒಟ್ಟು ಐದು. ಕೆಂಪು ಎರಡು, ನೀಲಿ ಮೂರು. ಆದ್ರ ನಾಲ್ಕು ಹೆಚ್ಚ ಎಲ್ಲಿ ಬಂತು? ಒಂದ ಹೆಚ್ಚ ಆತು. ಲೆಕ್ಕನ ತಪ್ಪ ಅದ ಅನ್ಸತದ."

"ಲೆಕ್ಕ ತಪ್ಪಿಲ್ಲ. ನೋಡು, ಈ ಒಂಬತ್ತು ಹೆಚ್ಚು ಅಂದಿದಾರಲ್ಲ..."

"ನಾಲ್ಕು, ಮೇಡಮ್."

"ಅದೇ. ಈ ಒಂಬತ್ತು..."

ಊರ್ಮಿಳಾ ನಿಲ್ಲಿಸಿದರು. ಪೆನ್ಸಿಲ್ ಕೆಳಗಿಟ್ಟರು. ಪಕ್ಕದ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು. ವಿಶ್ವೇಶ್ವರ ಎದ್ದು ಬರುತ್ತಿದ್ದಾರೆ, ಏನಾದರೊಂದು ನೆಪ ಹೇಳಿ ಪಾಠ ನಿಲ್ಲಿಸುತ್ತಾರೆ ಎಂದು ಅವರಿಗೆ ಅರ್ಥವಾಯಿತು. ಅದಕ್ಕಿಂತ ಮೊದಲೇ ತಾವೇ ಹೇಳಿಬಿಟ್ಟರು.

"ದೀಪ್ತಿ, ನಂಗೆ ಫೆಬ್ರವರೀಲಿ ಸ್ಟ್ರೋಕ್ ಆಯ್ತು. ಅಂಕಿ ಎಲ್ಲಾ ಅದಲುಬದಲಾಗಿದೆ. ಮಗ್ಗಿ ಒಂದೂ ನೆನಪಿಲ್ಲ. ನಿಂಗೆ ಮೊದಲೇ ಹೇಳಬೇಕಿತ್ತು. ಬೇರೆ ಯಾರಾದ್ರೂ ಒಳ್ಳೆ ಟ್ಯೂಟರ್ ಇದ್ರೆ..."

ದೀಪ್ತಿ ಕಣ್ಣರಳಿಸಿ ನೋಡಿದಳು. ಪುಸ್ತಕ ಮುಚ್ಚಿ ಎದ್ದು ಹೋಗುತ್ತಾಳೆ ಎಂದುಕೊಂಡರು ಊರ್ಮಿಳಾ. ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಅಷ್ಟ ಹೌದಲ್ರೀ? ಅಂಕಿ ನಾ ನೋಡ್ಕೋತೀನಿ. ನೀವು ಎಕ್ಸ್ ನೋಡ್ಕೋರಿ."

ಬಾಗಿಲ ಬಳಿಗೆ ಬಂದಿದ್ದ ವಿಶ್ವೇಶ್ವರ ಅಲ್ಲೇ ನಿಂತರು.

ಊರ್ಮಿಳಾ ಮತ್ತೆ ಪೆನ್ಸಿಲ್ ಎತ್ತಿಕೊಂಡರು. ಎಕ್ಸ್ ಕೂಡ ಹೋಗಿದ್ದರೆ? ಇಷ್ಟು ದಿನ ಅದನ್ನು ಪರೀಕ್ಷಿಸಿ ನೋಡಲು ಧೈರ್ಯವೇ ಬಂದಿರಲಿಲ್ಲ. ತಾನ್ಯಾ ಅಂಕಿ ಕೇಳಿದ್ದಳೇ ಹೊರತು ಬೀಜಗಣಿತ ಕೇಳಿರಲಿಲ್ಲ.

"ಐದರಲ್ಲಿ ಎರಡು ಅಂದ್ರೆ ಡಬ್ಬೀಲಿ ಇರೋದೇ ಅಷ್ಟು ಅಂತಲ್ಲ." ಈ ಸಲ ಪುಸ್ತಕದ ಮೇಲೆ ಬೆರಳಿಟ್ಟು, ಅಂಕಿಯನ್ನು ನಿಧಾನವಾಗಿ ಓದಿ ಹೇಳಿದರು. "ಗೋಲಿಗಳನ್ನ ಸಮಸಮ ಗುಂಪು ಮಾಡಿದ್ರೆ ಇಷ್ಟು ಗುಂಪಲ್ಲಿ ಇಷ್ಟು ಗುಂಪು ಕೆಂಪು ಅಂತ. ಒಂದೊಂದು ಗುಂಪಲ್ಲಿ ಎಷ್ಟಿದೆ, ನಮಗೆ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದಕ್ಕೆ ಹೆದರಬಾರದು, ಒಂದು ಹೆಸರಿಡಬೇಕು. ಕೆಂಪು ಗೋಲಿ ಎಷ್ಟಿದೆ?"

"ಗೊತ್ತಿಲ್ರೀ."

"ಅದಕ್ಕೇ ಅದರ ಹೆಸರು ಎಕ್ಸ್. ಅಷ್ಟೇ. ನಿಮ್ಮ ಕಾಕಾನ ಅಂಗಡೀಲಿ ಇನ್ನೂ ಮುಚ್ಚಳ ತೆಗೆಯದ ಸೀಸೆ ಇದ್ದ ಹಾಗೆ. ಒಳಗೆ ಗುಳಿಗೆ ಇದೆ, ಎಷ್ಟು ಅಂತ ಆಮೇಲೆ ನೋಡೋಣ. ಈಗ ನೀಲಿ ಎಷ್ಟು?"

ದೀಪ್ತಿ ತುಟಿ ಕಚ್ಚಿದಳು. "ಒಂದು ಸೀಸೆ... ಮ್ಯಾಲೆ ಬಿಡಿ ನಾಲ್ಕು."

"ಬರಿ."

ದೀಪ್ತಿ ಎಕ್ಸ್ ಕೂಡಿಸು ನಾಲ್ಕು ಎಂದು ಬರೆದಳು.

"ಒಟ್ಟು?"

"ಎರಡು ಸೀಸೆ, ಬಿಡಿ ನಾಲ್ಕು. ಎರಡು ಎಕ್ಸ್ ಪ್ಲಸ್ ನಾಲ್ಕು!"

"ಸಂಭವ ಅಂದ್ರೇನು? ನಮಗೆ ಬೇಕಾದ್ದು ಮೇಲೆ, ಒಟ್ಟು ಇರೋದು ಕೆಳಗೆ. ಹಾಕು."

ಎಕ್ಸ್ ಮೇಲೆ ಹೋಯಿತು, ಎರಡು ಎಕ್ಸ್ ಕೂಡಿಸು ನಾಲ್ಕು ಗೆರೆಯ ಕೆಳಗೆ ಬಂತು. ಆಚೆ ಕಡೆ ಎರಡು, ಅದರ ಕೆಳಗೆ ಐದು. ನಡುವೆ ಸಮಚಿಹ್ನೆ. ಊರ್ಮಿಳಾ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. ನೋಡಿದ ತಕ್ಷಣ ಮುಂದಿನ ದಾರಿ ಪೂರ್ತಿ ಕಂಡಿತು. ತಕ್ಕಡಿಯ ಎರಡು ತಟ್ಟೆ. ಇದರ ಕೆಳಗಿನದು ಅದರ ಮೇಲಿನದನ್ನು ಗುಣಿಸುತ್ತದೆ, ಅದರ ಕೆಳಗಿನದು ಇದರ ಮೇಲಿನದನ್ನು. ಆವರಣ ಬಿಡಿಸಬೇಕು. ಎರಡೂ ಕಡೆಯಿಂದ ಒಂದೇ ಸಮ ಎಕ್ಸ್‌ಗಳನ್ನು ತೆಗೆಯಬೇಕು. ಎಲ್ಲ ಇದ್ದಲ್ಲೇ ಇತ್ತು, ಒಂದು ಚೂರೂ ಕದಲಿರಲಿಲ್ಲ. ಕಾಗದದ ಮೇಲೆ ಅಡ್ಡಡ್ಡ ಎರಡು ಬಾಣ ಎಳೆದರು.

"ಈ ಬಾಣದ ಉದ್ದಕ್ಕೂ ಗುಣಿಸು. ಗುಣಿಸೋದು ನಿನ್ನ ಪಾಲು."

"ಐದು ಎಕ್ಸ್ ಒಂದ್ ಕಡೆ. ಇನ್ನೊಂದ್ ಕಡೆ ಎರಡೆರಡ್ಲ ನಾಲ್ಕು ಎಕ್ಸ್, ಎರಡ್ ನಾಲ್ಕ್ಲ ಎಂಟು. ನಾಲ್ಕು ಎಕ್ಸ್ ಪ್ಲಸ್ ಎಂಟು."

"ಈ ಕಡೇನೂ ಸೀಸೆ ಇದೆ, ಆ ಕಡೇನೂ ಸೀಸೆ ಇದೆ. ಆ ಕಡೆ ಇರೋಷ್ಟು ಸೀಸೆ ಎರಡೂ ತಟ್ಟೆಯಿಂದ ತೆಗೆದುಬಿಡು. ಏನು ಉಳೀತು?"

ದೀಪ್ತಿ ಎರಡೂ ಕಡೆಯಿಂದ ನಾಲ್ಕು ನಾಲ್ಕು ಎಕ್ಸ್ ಹೊಡೆದುಹಾಕಿದಳು. ಆಮೇಲೆ ಮೇಜು ಬಡಿದಳು. "ಈ ಕಡೆ ಒಂದ ಒಂದು ಸೀಸೆ, ಆ ಕಡೆ ಎಂಟು! ಎಕ್ಸ್ ಎಂಟ್ರೀ ಮೇಡಮ್! ಕೆಂಪು ಎಂಟು, ನೀಲಿ ಹನ್ನೆರಡು, ಒಟ್ಟು ಇಪ್ಪತ್ತು!"

"ಸರಿಯಾ ಅಂತ ನೋಡು. ನಾನು ಹೇಳ್ದೆ ಅಂತ ನಂಬಬೇಡ."

"ಇಪ್ಪತ್ತರಾಗ ಎಂಟು... ನಾಲ್ಕ್ನಾಲ್ಕರ ಗುಂಪು ಮಾಡಿದ್ರ ಐದು ಗುಂಪು, ಅದರಾಗ ಎರಡು ಗುಂಪು ಕೆಂಪು." ಅವಳ ಮುಖ ಬೆಳಗಿತು. "ಅಯ್ಯ ಶಿವನ, ಇಷ್ಟ ಏನ್ರೀ ಇದು?"

"ಇಷ್ಟೇ" ಎಂದರು ಊರ್ಮಿಳಾ.

ಬಾಗಿಲ ಬಳಿ ವಿಶ್ವೇಶ್ವರ ಇರಲಿಲ್ಲ. ದೀಪ್ತಿ ಇನ್ನೊಂದು ಲೆಕ್ಕಕ್ಕೆ ತಲೆಬಾಗಿಸಿದಾಗ ಊರ್ಮಿಳಾ ಎದ್ದು ಹುಡುಕಿದರು. ಗ್ಯಾರೇಜಿನಲ್ಲಿ, ಕಾರಿನ ಬಾನೆಟ್ಟಿಗೆ ಒರಗಿ ನಿಂತು ಕನ್ನಡಕ ಒರೆಸುತ್ತಿದ್ದರು.

"ಕೇಳಿಸ್ತಾ?" ಎಂದರು ಊರ್ಮಿಳಾ.

"ಕೇಳಿಸ್ತು ಕಣೇ. ಎಲ್ಲಾ ಹಾಗೇ ಇದೆ."

"ಇಲ್ಲ ಅಂದ್ಕೊಂಡಿದ್ರಾ?"

ವಿಶ್ವೇಶ್ವರ ಸುಳ್ಳು ಹೇಳಬಹುದಿತ್ತು. "ಅಂದ್ಕೊಂಡಿದ್ದೆ" ಎಂದರು. "ಇದು ಶುರು ಅಷ್ಟೇ, ಇನ್ನೊಂದೊಂದೇ ಹೋಗತ್ತೇನೋ ಅಂತ. ನಿಂಗೆ ಹೇಳೋದು ಹೇಗೆ?"

"ನಾನೂ ಅದನ್ನೇ ಅಂದ್ಕೊಂಡಿದ್ದೆ. ನಿಮ್ಮನ್ನ ಕೇಳೋದು ಹೇಗೆ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಮನೆಯಲ್ಲಿ, ಒಂದೇ ಹೆದರಿಕೆಯನ್ನು, ಒಬ್ಬರಿಗೊಬ್ಬರು ಕಾಣದಂತೆ ಇಬ್ಬರೂ ಬಚ್ಚಿಟ್ಟುಕೊಂಡಿದ್ದರು. ಮೊದಲು ನಕ್ಕದ್ದು ವಿಶ್ವೇಶ್ವರ. ನಕ್ಕು, "ಮತ್ತೆ ನಿನ್ನೆ ಸಾರು, ಉಪ್ಪುಪ್ಪು" ಎಂದರು. ಊರ್ಮಿಳಾಗೆ ಆ ಮಾತು ಕೇಳಿ ಎಷ್ಟು ಹಾಯೆನಿಸಿತೆಂದರೆ, ಗಂಡನ ತೋಳಿಗೆ ಒಂದು ಗುದ್ದು ಕೊಟ್ಟು ಒಳಗೆ ಹೋದರು.

ಮುಂದಿನ ಭಾನುವಾರಗಳೆಲ್ಲ ಹೀಗೇ ಸಲೀಸಾಗಿ ಹೋದವು ಎಂದೇನಲ್ಲ. ಜುಲೈನಲ್ಲಿ ಒಂದು ದಿನ ಊರ್ಮಿಳಾ ತೀರಾ ದಣಿದಿದ್ದರು. ನಾಣ್ಯ ಚಿಮ್ಮುವ ಸುಲಭದ ಲೆಕ್ಕವೂ ತಲೆಗೆ ಹತ್ತಲಿಲ್ಲ. ಬರೆದ ಸಾಲು ಬರೆದಂತೆ ಹೊಡೆದುಹಾಕಿದರು. ಕೊನೆಗೆ "ಇವತ್ತು ಆಗಲ್ಲ" ಎಂದು ಕೋಣೆಗೆ ಹೋಗಿ ಮಲಗಿಬಿಟ್ಟರು. ಎದ್ದು ಬಂದಾಗ ದೀಪ್ತಿ ಹೋಗಿರಲಿಲ್ಲ. ಉಪ್ಪಿಟ್ಟು ಮಾಡಿ, ವಿಶ್ವೇಶ್ವರ ಅವರಿಗೂ ಬಡಿಸಿ, ಅವರ ಮಂಡಿನೋವಿನ ಕಥೆ ಕೇಳುತ್ತ ಕೂತಿದ್ದಳು. "ಇವತ್ತ ಎಕ್ಸ್ ರಜಾ ಹಾಕ್ಯಾನ್ರೀ" ಎಂದಳು. ಆವತ್ತು ಮತ್ತೆ ಪುಸ್ತಕ ತೆರೆಯಲಿಲ್ಲ.

ಅಂಕಿ ಹೋದರೂ ಎಕ್ಸ್ ಉಳಿದಿರುವ ಸಂಗತಿಯನ್ನು ತಾನ್ಯಾಗೆ ಹೇಳಿದಾಗ ಅವಳು ಬಣ್ಣದ ಕಾರ್ಡುಗಳನ್ನು ಡ್ರಾಯರಿಗೆ ಹಾಕಿದಳು. ಮಗ್ಗಿ ನೆನಪಿಗೆ ಬರದಿದ್ದರೆ ಬೇಡ, ಕಟ್ಟಿಕೊಳ್ಳಿ ಎಂದಳು. ಹತ್ತರಿಂದ ಗುಣಿಸುವುದು ಊರ್ಮಿಳಾಗೆ ಉಳಿದಿತ್ತು, ಸೊನ್ನೆ ಹಾಕಿದರಾಯಿತು. ಏಳು ಸಲ ಎಂಟು ಎಂದರೆ ಏಳು ಸಲ ಹತ್ತರಲ್ಲಿ ಏಳು ಸಲ ಎರಡನ್ನು ಕಳೆದದ್ದು. ಎಪ್ಪತ್ತರಲ್ಲಿ ಹದಿನಾಲ್ಕು ಹೋಗಬೇಕು. ಊರ್ಮಿಳಾ ಕಾಗದದ ಮೇಲೆ ಗೆರೆ ಎಳೆದುಕೊಂಡು, ಬೆವರು ಒರೆಸಿಕೊಂಡು, ಐವತ್ತಾರಕ್ಕೆ ಬಂದು ಮುಟ್ಟಿದರು. ಬಾಲ್ಯದಲ್ಲಿ ಬಾಯಿಪಾಠವಾಗಿ ಬಂದದ್ದು ಈಗ ಇಟ್ಟಿಗೆ ಇಟ್ಟಿಗೆಯಾಗಿ ಬಂತು. ತಾನ್ಯಾ ಚಪ್ಪಾಳೆ ತಟ್ಟಿದಾಗ, "ಕ್ಲಾಸಲ್ಲಿ ಇಷ್ಟು ಹೊತ್ತು ತಗೊಂಡಿದ್ರೆ ನಾನೇ ಬೈತಿದ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ತಾವೂ ನಕ್ಕರು.

ಆಗಸ್ಟ್ ಬಂತು. ಪರೀಕ್ಷೆಯ ಬೆಳಿಗ್ಗೆ ಊರ್ಮಿಳಾ ಮೂರು ಸಲ ಕಾಫಿ ಬಿಸಿಮಾಡಿ, ಮೂರು ಸಲವೂ ಕುಡಿಯದೆ ಬಿಟ್ಟರು. ತಮ್ಮ ಬಿ.ಎಸ್ಸಿ. ಪರೀಕ್ಷೆಗೂ ಇಷ್ಟು ಹೆದರಿರಲಿಲ್ಲ. ತಾನು ಕಲಿಸಿದ್ದರಲ್ಲಿ ಏನಾದರೂ ತಪ್ಪು ನುಸುಳಿದ್ದರೆ? ಆ ಹುಡುಗಿ ತನ್ನನ್ನು ನಂಬಿ ಕೂತಿದ್ದಾಳೆ. ವಿಶ್ವೇಶ್ವರ ಹಿತ್ತಲಲ್ಲಿ ಟೊಮೆಟೊ ಗಿಡಗಳಿಗೆ ನೀರು ಬಿಡುತ್ತ, ಒಂದೇ ಗಿಡಕ್ಕೆ ಬಿಡುತ್ತಲೇ ಇದ್ದರು.

ಊಟದ ಹೊತ್ತಿಗೆ ಫೋನ್ ಬಂತು. ಪಾರ್ಕಿಂಗ್ ಲಾಟಿನಿಂದಲೇ ಮಾಡಿದ್ದಳು, ಹಿಂದೆ ಕಾರುಗಳ ಸದ್ದು.

"ಮೇಡಮ್, ರಿಸಲ್ಟ್ ಅಲ್ಲೇ ಕಂಪ್ಯೂಟರ್‌ನಾಗ ಬಂತ್ರೀ. ಪಾಸ್ ಆದೆ! ಸಂಭವದ ಲೆಕ್ಕ ಎರಡು ಬಂದಿದ್ವು. ಒಂದ್ರಾಗ ಕಾಲುಚೀಲ, ಒಂದ್ರಾಗ ಬಲ್ಬು. ನಾ ಎಲ್ಲಾದಕ್ಕೂ ಸೀಸೆ ಅಂತ ತಿಳ್ಕೊಂಡೇ ಮಾಡೀನಿ."

ಆಮೇಲೆ ಅವಳು ಅಳತೊಡಗಿದಳು. ಊರ್ಮಿಳಾ ತಾವೂ ಕಣ್ಣೊರೆಸಿಕೊಂಡರು. ಆದರೂ ಟೀಚರ್ ಟೀಚರೇ. "ಅಳೋದಾದ್ರೆ ಕಾರ್ ಸ್ಟಾರ್ಟ್ ಮಾಡಬೇಡ. ಅತ್ತು ಮುಗಿಸಿ, ನೀರು ಕುಡಿದು, ಆಮೇಲೆ ಡ್ರೈವ್ ಮಾಡು" ಎಂದರು. ಫೋನಿಟ್ಟು ಹಿತ್ತಲ ಬಾಗಿಲು ತೆಗೆದು, "ರೀ, ಪಾಸಂತೆ!" ಎಂದು ಕೂಗಿದರು. ವಿಶ್ವೇಶ್ವರ ಪೈಪನ್ನು ಕೈಬಿಟ್ಟರು. ನೀರು ಕಾರಂಜಿಯಂತೆ ಎದ್ದು ಇಬ್ಬರನ್ನೂ ತೋಯಿಸಿತು. ಪಕ್ಕದ ಮನೆಯ ಇಟಾಲಿಯನ್ ಅಜ್ಜಿ ಬೇಲಿಯಿಂದ ಇಣುಕಿ ನೋಡಿದಳು.

ಆ ಬೇಸಿಗೆಯ ನಂತರವೂ ಊರ್ಮಿಳಾ ಪೂರ್ತಿ ಮೊದಲಿನಂತಾಗಲಿಲ್ಲ. ದಣಿವಾದ ಸಂಜೆಗಳಲ್ಲಿ ಈಗಲೂ ನಾಲ್ಕು ಒಂಬತ್ತಾಗುತ್ತದೆ. ಗಂಡ ತಿದ್ದುತ್ತಾರೆ, ಒಮ್ಮೊಮ್ಮೆ ಜಗಳವೂ ಆಗುತ್ತದೆ. ಆದರೆ ಮರುವರ್ಷ ಯುಗಾದಿಗೆ ಹೋದರು. ಮೊಮ್ಮಗುವಿನ ವಯಸ್ಸು ಕೇಳಿದವರಿಗೆ ತಪ್ಪು ಹೇಳಿ, "ತಡೀರಿ, ಎರಡು ಸಾವಿರದ ಹತ್ತರಲ್ಲಿ ಹುಟ್ಟಿದ್ದು, ನೀವೇ ಕಳೀರಿ" ಎಂದು ನಕ್ಕುಬಿಟ್ಟರು. ದೀಪ್ತಿ ಕೋರ್ಸ್ ಮುಗಿಸಿ, ಎರಡು ಸಾವಿರದ ಹದಿನೈದರಲ್ಲಿ ಮಿಲ್ಟನ್ನಿನ ಫಾರ್ಮಸಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಸೇರಿದ ಮೊದಲ ಭಾನುವಾರ ಧೀರಜ್‌ನೊಂದಿಗೆ ವುಡ್‌ಬ್ರಿಡ್ಜಿಗೆ ಬಂದಳು, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಹಿತ್ತಲಿನ ಮೇಪಲ್ ಮರದ ಕೆಳಗೆ ನಾಲ್ವರೂ ಕೂತು ಉಂಡರು. ವಿಶ್ವೇಶ್ವರ ಖಾರ ಹೆಚ್ಚಾಯಿತೆಂದು ಗೊಣಗುತ್ತಲೇ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಉಂಡ ಮೇಲೆ ಊರ್ಮಿಳಾ ಆರಾಮ ಕುರ್ಚಿಗೆ ಒರಗಿ, ಧೀರಜ್ ಹೇಳುತ್ತಿದ್ದ ವೇರ್‌ಹೌಸಿನ ಕಥೆಯನ್ನು ಅರ್ಧ ಕೇಳಿ ಹಾಗೇ ನಿದ್ದೆಹೋದರು. ಎಬ್ಬಿಸಬೇಡಿ ಎಂದು ವಿಶ್ವೇಶ್ವರ ಸನ್ನೆ ಮಾಡಿದರು. ಬಿಸಿಲು ಮರದ ಆಚೆಗೆ ಸರಿಯುವವರೆಗೂ ಯಾರೂ ಎಬ್ಬಿಸಲಿಲ್ಲ.